ಆಕ್ಸೆಸ್ ಡೇಟಾಬೇಸ್: ಅಡಿಕೆ ಮಂಡಿಯ ಲೆಕ್ಕ ಮತ್ತು ಒಂದು ‘ಅಥವಾ’

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ರೈತರ ಖಾತೆ, ಮುಂಗಡ, ತೂಕದ ಚೀಟಿ, ಮಾರಾಟದ ಪಟ್ಟಿ ಇವೆಲ್ಲ 2006ರಿಂದ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನಲ್ಲಿಯೇ ಇವೆ. ಅದರಲ್ಲಿ ಟೇಬಲ್ ಎಂದರೆ ಮಾಹಿತಿ ಇಡುವ ಕೋಷ್ಟಕ, ಕ್ವೆರಿ ಎಂದರೆ ಅದರಿಂದ ಬೇಕಾದ್ದನ್ನು ಹೆಕ್ಕುವ ಪ್ರಶ್ನೆ, ಫಾರ್ಮ್ ಎಂದರೆ ಮಾಹಿತಿ ತುಂಬುವ ಪರದೆ. ಇಷ್ಟು ವರ್ಷಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅನುಮತಿಯ ದೋಷವೊಂದೇ ಆದ್ದರಿಂದ ಈ ವಿಮರ್ಶೆಯ ಬಹುಭಾಗ ಅದಕ್ಕೇ ಮೀಸಲು.

ನಮ್ಮಲ್ಲಿ ಮೂರು ಕಂಪ್ಯೂಟರುಗಳಿವೆ. ಲೆಕ್ಕದ ಮೂಲ ಕಡತ ನನ್ನ ಮೇಜಿನ ಪಕ್ಕದ ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿನಲ್ಲಿದ್ದು, ಫಾರ್ಮುಗಳ ಕಡತ ಮಾತ್ರ ಮೂರರಲ್ಲೂ ಬೇರೆ ಬೇರೆಯಾಗಿದೆ. ಕಳೆದ ವರ್ಷ ಕೊಯ್ಲು ಮುಗಿದು ಮಾಲು ಬರಲು ಶುರುವಾಗುವ ಹೊತ್ತಿಗೆ ಹಳೆಯ ಕಂಪ್ಯೂಟರನ್ನು ಬದಲಿಸಿದೆವು. ತೂಕದ ಕಟ್ಟೆಗೆ ಹೊಸ ಹುಡುಗನೊಬ್ಬನೂ ಬಂದ. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನಾನು ಮೊದಲು ತೆರೆದರೆ ಅವನಿಗೆ ತೆರೆಯುತ್ತಿರಲಿಲ್ಲ, ಅವನು ಮೊದಲು ತೆರೆದರೆ ನನಗೂ ನಗದು ಕಟ್ಟೆಯವರಿಗೂ ತೆರೆಯುತ್ತಿರಲಿಲ್ಲ. ಪರದೆಯ ಮೇಲೆ ಬರುತ್ತಿದ್ದದ್ದು ದೋಷ ಸಂಖ್ಯೆ 3051. ಕಡತವನ್ನು ತೆರೆಯಲು ಅಥವಾ ಬರೆಯಲು ಆಗುತ್ತಿಲ್ಲ. ಬೇರೊಬ್ಬ ಬಳಕೆದಾರ ಅದನ್ನು ತನಗೆ ಮಾತ್ರವೆಂದು ತೆರೆದುಕೊಂಡಿದ್ದಾನೆ, ಅಥವಾ ಅದನ್ನು ನೋಡಲು ಮತ್ತು ಬರೆಯಲು ನಿಮಗೆ ಅನುಮತಿ ಬೇಕು ಎಂಬುದು ಅದರ ಸಾರಾಂಶ.

ಆ ಎರಡನೆಯ ‘ಅಥವಾ’ದಲ್ಲಿ ನಾನು ಹದಿನೆಂಟು ದಿನ ಕಳೆದೆ. ಅದರ ಹಿಂದಿನ ಮಾತನ್ನು ನಂಬಿ, ಆ ಬೇರೊಬ್ಬ ಬಳಕೆದಾರನನ್ನು ಹುಡುಕುತ್ತ ಮೂರೂ ಕಂಪ್ಯೂಟರುಗಳನ್ನು ದಿನಕ್ಕೆ ಎರಡು ಸಲ ಆರಿಸಿ ಹಚ್ಚಿಸಿದೆ. ಹೊರಗೆ ರಾಶಿ, ಬೆಟ್ಟೆ ಎಂಬ ಬಗೆಯ ಅಡಿಕೆಯ ಚೀಲಗಳ ಪಕ್ಕದಲ್ಲಿ ರೈತರು ಪಟ್ಟಿಗಾಗಿ ಕಾಯುತ್ತಿದ್ದರು. ಬಳಿಕ ಅನುಮತಿಯ ಮಾತನ್ನು ಹಿಡಿದಾಗಲೂ ತಪ್ಪು ಜಾಗದಲ್ಲಿ ಹುಡುಕಿದೆ. ಆಕ್ಸೆಸ್‌ನ ಹಳೆಯ ಬಗೆಯ ಕಡತಗಳಾದ ಎಂಡಿಬಿಗಳ ಕಾಲದಲ್ಲಿ ಡೇಟಾಬೇಸಿನ ಒಳಗೇ ಬಳಕೆದಾರರು ಮತ್ತು ಗುಂಪುಗಳಿದ್ದು, ಯಾರು ಯಾವ ಟೇಬಲನ್ನು ನೋಡಬಹುದೆಂಬುದನ್ನು ಎಂಡಿಡಬ್ಲ್ಯು ಎಂಬ ಪ್ರತ್ಯೇಕ ಕಡತದ ನೆರವಿನಿಂದ ಗೊತ್ತುಪಡಿಸಬಹುದಾಗಿತ್ತು. 2007ರ ಆವೃತ್ತಿಯೊಂದಿಗೆ ಬಂದ ಎಸಿಸಿಡಿಬಿ ಕಡತಗಳಲ್ಲಿ ಆ ವ್ಯವಸ್ಥೆಯೇ ಇಲ್ಲ, ಇಡೀ ಕಡತಕ್ಕೊಂದು ಪಾಸ್‌ವರ್ಡ್ ಹಾಕಬಹುದು ಅಷ್ಟೆ. ನಮ್ಮ ಲೆಕ್ಕವನ್ನು ಹೊಸ ಬಗೆಯ ಕಡತಕ್ಕೆ ಬದಲಿಸಿದವನು ನಾನೇ ಆಗಿದ್ದರೂ, ಸಂದೇಶದಲ್ಲಿನ ‘ಅನುಮತಿ’ ಎಂಬ ಪದ ಈಗ ವಿಂಡೋಸ್‌ನ ಫೋಲ್ಡರಿನತ್ತ ಬೊಟ್ಟುಮಾಡುತ್ತಿದೆಯೆಂದು ನನಗೆ ಹೊಳೆಯಲಿಲ್ಲ.

ಕಾರಣ ಸಣ್ಣದು. ಯಾರಾದರೂ ಡೇಟಾಬೇಸ್ ತೆರೆದೊಡನೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ, ಎಲ್‌ಎಸಿಸಿಡಿಬಿ ಎಂದು ಕೊನೆಗೊಳ್ಳುವ ಹಲವರು ಒಟ್ಟಿಗೆ ಬಳಸುವುದನ್ನು ಸಂಭಾಳಿಸುವ ಬೀಗದ ಕಡತವೊಂದು ಹುಟ್ಟುತ್ತದೆ, ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಲೆಕ್ಕದ ಕಡತದಲ್ಲಿ ಬರೆಯುವ ಹಕ್ಕು ಇದ್ದರಷ್ಟೇ ಸಾಲದು, ಫೋಲ್ಡರಿನಲ್ಲಿ ಹೊಸ ಕಡತ ಸೃಷ್ಟಿಸುವ ಮತ್ತು ಅಳಿಸುವ ಹಕ್ಕೂ ಇರಬೇಕು. ಕಂಪ್ಯೂಟರ್ ಹಾಕಿಕೊಟ್ಟವರು ಹುಡುಗನ ಹೆಸರಿಗೆ ಕಡತದ ಮೇಲೆ ಪೂರ್ಣ ಹಕ್ಕು ಕೊಟ್ಟು ಫೋಲ್ಡರನ್ನು ಓದಲು ಮಾತ್ರ ಬಿಟ್ಟಿದ್ದರು. ಅವನು ಮೊದಲು ಬಂದ ದಿನ ಬೀಗದ ಕಡತ ಹುಟ್ಟದೆ ಲೆಕ್ಕವೆಲ್ಲ ಅವನೊಬ್ಬನದಾಗುತ್ತಿತ್ತು, ನಾನು ಮೊದಲು ಬಂದ ದಿನ ನಾನು ಹುಟ್ಟಿಸಿದ ಬೀಗವನ್ನು ಅವನು ಮುಟ್ಟಲಾಗುತ್ತಿರಲಿಲ್ಲ.

ಇದರ ಮೇಲೊಂದು ಸೋಮವಾರದ ಕಾಟ. ಪ್ರತಿ ಶನಿವಾರ ಸಂಜೆ ನಾನು ‘ಕಂಪ್ಯಾಕ್ಟ್ ಅಂಡ್ ರಿಪೇರ್’, ಅಂದರೆ ಕಡತವನ್ನು ಚಿಕ್ಕದಾಗಿಸಿ ಸರಿಪಡಿಸುವ ಕೆಲಸ, ಮಾಡುವುದು ರೂಢಿ. ಅದು ಹಳೆಯ ಕಡತವನ್ನೇ ಒತ್ತಿ ಚಿಕ್ಕದು ಮಾಡುವುದಿಲ್ಲ, ಹೊಸ ಕಡತ ಬರೆದು ಹಳೆಯದರ ಜಾಗದಲ್ಲಿಡುತ್ತದೆ. ಹೊಸದಕ್ಕೆ ಫೋಲ್ಡರಿನ ಅನುಮತಿಗಳೇ ಅಂಟಿಕೊಳ್ಳುವುದರಿಂದ ಹುಡುಗನಿಗೆ ಕೊಟ್ಟಿದ್ದ ಹಕ್ಕು ಪ್ರತಿ ವಾರವೂ ಮಾಯವಾಗುತ್ತಿತ್ತು. ಸೋಮವಾರ ಅವನು ಖಾತೆಗಳನ್ನು ನೋಡಬಲ್ಲವನಾಗಿದ್ದ, ಒಂದು ಚೀಲದ ತೂಕವನ್ನೂ ಬರೆಯಲಾರದವನಾಗಿದ್ದ. ಯಜಮಾನರು ಅವನ ಕೈಗುಣವನ್ನೇ ಅನುಮಾನಿಸತೊಡಗಿದ್ದರು.

ಪರಿಹಾರಕ್ಕೆ ಹಿಡಿದದ್ದು ಮೂರು ನಿಮಿಷ. ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ಮೂವರಿಗೂ ‘ಮಾಡಿಫೈ’, ಅಂದರೆ ಬರೆಯುವ, ಸೃಷ್ಟಿಸುವ, ಅಳಿಸುವ ಹಕ್ಕು ಕೊಟ್ಟೆ, ಅಷ್ಟೆ. ಇದೇ ತೊಂದರೆಯಲ್ಲಿರುವವರು ಶೇರಿಂಗ್ ಪುಟವನ್ನೂ ನೋಡಬೇಕು, ಏಕೆಂದರೆ ನೆಟ್‌ವರ್ಕಿನ ಮೂಲಕ ಬರುವವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯಿಸುತ್ತದೆ.

ಕೋಪ ಇಳಿದ ಮೇಲೆ ಆ ಬೀಗದ ಕಡತದ ಮೇಲೆಯೇ ನನಗೆ ಪ್ರೀತಿ ಹುಟ್ಟಿತೆಂದರೆ ಓದುವವರು ನಗಬಹುದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಒಳಗೆ ಬಂದ ಕಂಪ್ಯೂಟರುಗಳ ಹೆಸರು ಕಾಣುತ್ತದೆ. ಹೊರಗೆ ಹೋದವರ ಹೆಸರು ಕೂಡಲೇ ಅಳಿಸಿಹೋಗುವುದಿಲ್ಲವಾದ್ದರಿಂದ ಅದನ್ನು ಹಾಜರಿ ಪುಸ್ತಕವೆಂದು ನಂಬಬಾರದು. ಈಗ ದಿನವೂ ಸಂಜೆ ಕೊನೆಯ ಪಟ್ಟಿ ಮುದ್ರಿಸಿ, ನಗದು ತಾಳೆ ಹಾಕಿ, ಆ ಫೋಲ್ಡರನ್ನು ತೆರೆದು ಕೂರುತ್ತೇನೆ. ಬೀಗದ ಚಿತ್ರ ಇನ್ನೂ ಇದ್ದರೆ ತೂಕದ ಕಟ್ಟೆಯಲ್ಲಿ ಫಾರ್ಮು ಮುಚ್ಚಿಲ್ಲವೆಂದು ಅರ್ಥ, ಇಲ್ಲಿಂದಲೇ ಹುಡುಗನನ್ನು ಕೂಗುತ್ತೇನೆ. ಅದು ಕಣ್ಣೆದುರೇ ಮರೆಯಾದ ಮೇಲೆ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದನ್ನು ತಿಜೋರಿಯ ಕೀಲಿಗೊಂಚಲಿನ ಜೊತೆಯಲ್ಲೇ ಯಜಮಾನರ ಕೈಗೆ ಕೊಡುತ್ತೇನೆ.

ಬೆಲೆಯ ದೃಷ್ಟಿಯಿಂದ ನಮ್ಮಂಥವರಿಗೆ ಇದು ಹೊರೆಯಲ್ಲ. ಪೂರ್ಣ ತಂತ್ರಾಂಶ ಬೇಕಾದದ್ದು ನನಗೊಬ್ಬನಿಗೆ, ಉಳಿದ ಎರಡು ಕಂಪ್ಯೂಟರುಗಳಲ್ಲಿ, ಸಿದ್ಧವಾದ ಫಾರ್ಮುಗಳನ್ನು ಬಳಸಲಷ್ಟೇ ಬರುವ, ಉಚಿತವಾಗಿ ಸಿಗುವ ‘ರನ್‌ಟೈಮ್’ ಸಾಕಾಗಿದೆ. ಕಡತದ ಗರಿಷ್ಠ ಮಿತಿ 2 ಜಿಬಿ. ನಮ್ಮ ಲೆಕ್ಕ ಅದರ ಹತ್ತನೆಯ ಒಂದು ಪಾಲನ್ನೂ ಮುಟ್ಟಿಲ್ಲ. ಆದರೆ ಲ್ಯಾಪ್‌ಟಾಪ್ ಹಿಡಿದು ವೈಫೈ ಮೂಲಕ ಓಡಾಡುತ್ತ ಬರೆಯುವವರಿಗೆ ಇದನ್ನು ಹೇಳಲಾರೆ, ಬರೆಯುವ ನಡುವೆ ಸಂಪರ್ಕ ಕಡಿದರೆ ಕಡತವೇ ಕೆಡುವ ಭಯವಿದೆ. ಯಜಮಾನರ ಮಗ ಮನೆಯಿಂದಲೇ ಮೊಬೈಲಿನಲ್ಲಿ ಖಾತೆ ನೋಡಬೇಕೆಂದು ಕೇಳುತ್ತಿದ್ದಾರೆ. ಅದು ಇದರಿಂದ ಆಗುವ ಕೆಲಸವಲ್ಲವೆಂದು ಹೇಳಿದ್ದೇನೆ. ಸದ್ಯಕ್ಕೆ ದಿನದ ಪಟ್ಟಿಯನ್ನು ಪಿಡಿಎಫ್ ಮಾಡಿ ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೇನೆ.