10 ಲಕ್ಷಕ್ಕೆ ಸಿಗುವ 45 ಲಕ್ಷದ ಕಾರು: ಹುಬ್ಬಳ್ಳಿ-ಧಾರವಾಡದವರು ಅಡ್ವಾನ್ಸ್ ಕೊಡುವ ಮೊದಲು ಓದಿರಿ

ದಿಲ್ಲಿ ನೋಂದಣಿಯ ಬಿಳಿ ಬಣ್ಣದ ಜರ್ಮನ್ ಸೆಡಾನ್, 2014ರ ಡೀಸೆಲ್, ಮೀಟರಿನಲ್ಲಿ 62,000 ಕಿ.ಮೀ. ಏಜೆಂಟನ ಕೈಯಿಂದ 9.75 ಲಕ್ಷ ರೂಪಾಯಿಗೆ ಹುಬ್ಬಳ್ಳಿಗೆ ಬಂತು. ಹೊಸದಿದ್ದಾಗ ಅದರ ಬೆಲೆ 45 ಲಕ್ಷದ ಸುತ್ತಮುತ್ತ. "ಡಾಕ್ಟರ್ ಓಡಿಸಿದ ಗಾಡಿ ಅದರಿ, ಎಲ್ಲಾ ಸರ್ವಿಸ್ ಶೋರೂಮಿನಾಗ ಆಗ್ಯಾವು, ಇನ್ನ ಐದ ವರ್ಷ ಕೈ ಹಚ್ಚೂದ ಬ್ಯಾಡ" ಎಂಬ ಮಾತಿನ ಮೇಲೆ ವ್ಯವಹಾರ ಮುಗಿದುಹೋಯಿತು.

ಆಮೇಲಿನ 14 ತಿಂಗಳ ಲೆಕ್ಕ ಇದು. ಪಂಚರ್ ಆದರೂ ಸ್ವಲ್ಪ ದೂರ ಓಡುವ ನಾಲ್ಕು ರನ್‌ಫ್ಲಾಟ್ ಟೈರಿಗೆ 92,000. ಬ್ಯಾಟರಿಗೆ 31,000. ಮುಂದಿನ ಚಕ್ರ ಹಿಡಿದಿರುವ ಲೋವರ್ ಆರ್ಮ್, ಅದರ ರಬ್ಬರ್ ಬುಶ್, ಲಿಂಕ್ ರಾಡ್ ಎರಡೂ ಬದಿಗೆ 64,000. ಗೇರ್‌ಬಾಕ್ಸಿನ ಆಯಿಲ್, ಫಿಲ್ಟರ್, ಸೀಲ್ ಸೇರಿ 48,000. ಟೈಮಿಂಗ್ ಚೈನ್ (ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) 1,85,000. ಫ್ಲಾಟ್‌ಬೆಡ್ ಮೇಲೆ ಗಾಡಿ ಬೆಂಗಳೂರಿಗೆ ಸಾಗಿಸಿದ್ದಕ್ಕೆ 22,000. ಒಟ್ಟು 4,42,000 ರೂಪಾಯಿ. ಡೀಸೆಲ್, ವಿಮೆ, ತೆರಿಗೆ ಇದರಲ್ಲಿ ಸೇರಿಲ್ಲ. ಇಷ್ಟಾದರೂ ಅಪಘಾತ ಆಗಿರಲಿಲ್ಲ, ನೀರಿಗೆ ಇಳಿದಿರಲಿಲ್ಲ. ಇವೆಲ್ಲ ಆ ವಯಸ್ಸಿಗೆ, ಆ ಕಿಲೋಮೀಟರಿಗೆ ಬಂದೇ ಬರುವ ಕೆಲಸಗಳು.

ಕಂಪನಿಯ ಹೆಸರನ್ನು ಬೇಕೆಂತಲೇ ಬಿಟ್ಟಿದೆ. ಪಕ್ಕದ ಶೋರೂಮಿನ ಗಾಡಿ ತಂದಿದ್ದರೂ ಪೆಟ್ಟು ಬೇರೆ ಜಾಗಕ್ಕೆ ಬೀಳುತ್ತಿತ್ತು, ಅಷ್ಟೇ.

ಮೊದಲು ಲೆಕ್ಕದ ಮಾತು. 9.75 ಲಕ್ಷ ಕೊಟ್ಟವರು ಮನಸ್ಸಿನೊಳಗೆ 10 ಲಕ್ಷದ ಕಾರಿನ ಖರ್ಚನ್ನೇ ಹಿಡಿದಿರುತ್ತಾರೆ. ಆದರೆ ವರ್ಷ ಕಳೆದಂತೆ ಇಳಿಯುವುದು ಗಾಡಿಯ ಬೆಲೆ ಮಾತ್ರ. ಅದರ ಹೆಡ್‌ಲೈಟ್, ಇಂಜೆಕ್ಟರ್, ಗೇರ್‌ಬಾಕ್ಸ್ ಎಲ್ಲವೂ 45 ಲಕ್ಷದ ಕಾರಿನವೇ ಆಗಿ ಉಳಿಯುತ್ತವೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದು ಸ್ವಲ್ಪ ಆಸರೆ, ಆದರೆ ಮೂಲ ಬೆಲೆಯೇ ದೊಡ್ಡದು. ಆದ್ದರಿಂದ ಕೊಂಡ ದಿನವೇ ಗಾಡಿ ಬೆಲೆಯ ಮೂರನೇ ಒಂದು ಭಾಗವನ್ನಾದರೂ ಬ್ಯಾಂಕಿನಲ್ಲಿ ಬೇರೆ ಇಟ್ಟಿರಬೇಕು. ಅಷ್ಟು ಇಡಲಿಕ್ಕೆ ಆಗದಿದ್ದರೆ ಅದೇ ದುಡ್ಡಿಗೆ ಹೊಸ ಸಾಮಾನ್ಯ ಕಾರು ತೆಗೆದುಕೊಳ್ಳುವುದೇ ಮೇಲು.

ದಿಲ್ಲಿ ಗಾಡಿ ಯಾಕೆ ಅಗ್ಗ? ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರಲ್ಲಿ ಅದೇ ಕೋರ್ಟ್ ಆ ನಿಯಮ ಸಡಿಲಿಸಿತು, ಆದರೆ ಅಲ್ಲಿಯವರೆಗೆ ಹತ್ತು ವರ್ಷ ಹತ್ತಿರ ಬಂದ ಹಾಗೆ ಅಲ್ಲಿ ಬೆಲೆ ಕುಸಿಯುತ್ತಿತ್ತು, ಗಾಡಿ ದಕ್ಷಿಣದ ದಾರಿ ಹಿಡಿಯುತ್ತಿತ್ತು. ಅಗ್ಗ ಅಂದಮಾತ್ರಕ್ಕೆ ಅದು ಕೆಟ್ಟ ಗಾಡಿಯಲ್ಲ. ಆದರೆ ಮಾರಲೇಬೇಕೆಂದು ಗೊತ್ತಿರುವ ಮಾಲಕ ಕೊನೆಯ ಎರಡು ವರ್ಷ ದೊಡ್ಡ ಸರ್ವಿಸ್ ಯಾವುದನ್ನೂ ಮಾಡಿಸಿರುವುದಿಲ್ಲ. ಆ ಬಾಕಿಯೆಲ್ಲ ನಿಮ್ಮ ಹೆಗಲಿಗೆ ಬರುತ್ತದೆ.

ಮೀಟರಿನ ವಿಷಯಕ್ಕೆ ಬರೋಣ. ಮೇಲಿನ ಗಾಡಿಯ ಮೀಟರು 62,000 ತೋರಿಸುತ್ತಿತ್ತು, ಕೀಲಿಯೊಳಗಿನ ಮಾಹಿತಿ ಓದಿಸಿದಾಗ ಸಿಕ್ಕದ್ದು 1,38,000. ಡ್ಯಾಶ್‌ಬೋರ್ಡಿನ ಅಂಕಿ ತಿದ್ದುವುದು ಸುಲಭ. ಆದರೆ ಈ ಗಾಡಿಗಳಲ್ಲಿ ಓಡಿದ ದೂರ ಒಂದೇ ಕಡೆ ಬರೆದಿರುವುದಿಲ್ಲ. ಮಾದರಿಗೆ ತಕ್ಕಂತೆ ಕೀಲಿ, ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್, ಇಂಜಿನ್ನಿನ ಕಂಟ್ರೋಲ್ ಯೂನಿಟ್, ದೋಷ ದಾಖಲಾದ ಹೊತ್ತಿನ ಅಂಕಿ, ಹೀಗೆ ಹಲವು ಕಡೆ ಉಳಿದಿರುತ್ತದೆ, ಎಲ್ಲವನ್ನೂ ತಿದ್ದುವವರು ಕಡಿಮೆ. ಇದನ್ನು ಓದಲು ಆ ಕಂಪನಿಯದೇ ಸಾಫ್ಟ್‌ವೇರ್ ಬೇಕು: ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಝೆಂಟ್ರಿ, ಆಡಿಗೆ ಒಡಿಸ್. ಸಾವಿರ ರೂಪಾಯಿಯ ಸ್ಕ್ಯಾನರ್ ತೋರಿಸುವುದು ಹೆಚ್ಚಾಗಿ ಇಂಜಿನ್ನಿನ ದೋಷದ ಕೋಡ್ ಮಾತ್ರ. ಏರ್‌ಬ್ಯಾಗ್, ಸಸ್ಪೆನ್ಶನ್, ಗೇರ್‌ಬಾಕ್ಸ್ ಅದರ ಕಣ್ಣಿಗೆ ಬೀಳುವುದಿಲ್ಲ.

ಆದರೂ ಆ ಸಣ್ಣ ಸ್ಕ್ಯಾನರಿನಿಂದ ಒಂದು ಉಪಯೋಗ ಉಂಟು. ಅದರಲ್ಲಿ 'ರೆಡಿನೆಸ್' ಎಂಬ ಪುಟ ತೆರೆಯಿರಿ, ಗಾಡಿಯ ಸ್ವಂತ ತಪಾಸಣೆಗಳು ಮುಗಿದಿವೆಯೇ ಎಂದು ಅದು ತೋರಿಸುತ್ತದೆ. ಸಾಲುಸಾಲಾಗಿ 'ನಾಟ್ ರೆಡಿ' ಬಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದು ಹಾಕಿದ್ದಾರೆ. ಯಾಕೆ ಎಂದು ಕೇಳಿರಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡುತ್ತೇವೆ ಎನ್ನಿರಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿರಿ. 17 ಅಕ್ಷರದ ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಳೆಯ ದಾಖಲೆ ಕೇಳಿಸುವುದನ್ನೂ ಮರೆಯಬೇಡಿರಿ. ಕೈಬರಹದ ಸರ್ವಿಸ್ ಪುಸ್ತಕವನ್ನು ಒಂದೇ ಸಂಜೆ, ಒಂದೇ ಪೆನ್ನಿನಲ್ಲಿ ತುಂಬಬಹುದು.

ಈಗ ಬ್ರ್ಯಾಂಡುಗಳು. ವರ್ಷದ ಮಾಮೂಲಿ ಆಯಿಲ್ ಸರ್ವಿಸ್ ಬಿಲ್ಲನ್ನು ಅಕ್ಕಪಕ್ಕ ಇಟ್ಟು ಯಾವುದು ಅಗ್ಗ ಎಂದು ಹೋಲಿಸುವವರೇ ಹೆಚ್ಚು. ಅದರಿಂದ ಏನೂ ತಿಳಿಯುವುದಿಲ್ಲ. ಮೂರು ಜರ್ಮನ್ ಕಂಪನಿಗಳ ಸಣ್ಣ ಸೆಡಾನುಗಳಲ್ಲೂ ಅದು ಸುಮಾರು 20ರಿಂದ 50 ಸಾವಿರದ ನಡುವೆ ಆಡುತ್ತದೆ. ನಿಜವಾದ ವ್ಯತ್ಯಾಸ ಇರುವುದು ಆರು-ಎಂಟು ವರ್ಷದ ಮೇಲೆ ಬರುವ ದೊಡ್ಡ ಕೆಲಸದಲ್ಲಿ, ಆ ಭಾಗವನ್ನು ಕಂಪನಿಯವರು ಎಲ್ಲಿ ಕೂಡಿಸಿದ್ದಾರೆ ಎಂಬುದರಲ್ಲಿ.

ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಇಂಜಿನ್ ನೋಡಿರಿ, ಆ ಕಾಲದ 320ಡಿ, 520ಡಿಗಳಲ್ಲಿ ಬಂದದ್ದು. ಟೈಮಿಂಗ್ ಚೈನ್ ಇಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗೆ ಇದೆ. ಚೈನು, ಅದರ ಗೈಡು ಸವೆದರೆ ಬಾನೆಟ್ ತೆರೆದು ಮುಂದಿನಿಂದ ಬಿಚ್ಚಲಾಗದು, ಗೇರ್‌ಬಾಕ್ಸನ್ನೋ ಇಂಜಿನ್ನನ್ನೋ ಇಳಿಸಲೇಬೇಕು. ಚೈನಿನ ಬೆಲೆಗಿಂತ ಕೂಲಿ ಹೆಚ್ಚಾಗುವುದು ಇದಕ್ಕೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಮೊದಲ ಸಲ ಚಾಲೂ ಮಾಡುವಾಗ ಬಾನೆಟ್ ಎತ್ತಿ, ಗಾಜಿನ ಕಡೆಯ ಮೂಲೆಗೆ ಕಿವಿ ಕೊಡಿರಿ. ಸರಪಳಿ ತಗಡಿಗೆ ಉಜ್ಜಿದಂಥ ಸದ್ದು ಬಂದರೆ ಆ ಗಾಡಿ ಬೇಡ. ಮಾರುವವರು ನೀವು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇವೆ ಎನ್ನಿರಿ. ಆಮೇಲೆ ಬಂದ ಬಿ47ರಲ್ಲೂ ಚೈನ್ ಹಿಂದೆಯೇ ಇದೆ, ಆದರೆ ದೂರು ಕಡಿಮೆ.

ಮರ್ಸಿಡಿಸ್‌ನ ಒಎಂ651 ಡೀಸೆಲ್ ಇಂಜಿನ್ನಿನಲ್ಲೂ ಚೈನ್ ಗೇರ್‌ಬಾಕ್ಸ್ ಬದಿಗೇ ಇದೆ. ಆದರೆ ಹಳೆಯ ಚೈನಿನ ಒಂದು ಕೊಂಡಿ ಬಿಚ್ಚಿ, ಹೊಸದನ್ನು ಅದಕ್ಕೆ ಜೋಡಿಸಿ, ಮೇಲಿನಿಂದಲೇ ಎಳೆದು ಕೂಡಿಸಬಹುದು. ಆಡಿಯ 2.0 ಟಿಡಿಐ ಡೀಸೆಲ್‌ನಲ್ಲಿ ಚೈನ್ ಇಲ್ಲ, ಬೆಲ್ಟ್ ಇದೆ, ಅದೂ ಮುಂದೆ. ಬಿಚ್ಚುವುದು ಸುಲಭ, ಖರ್ಚೂ ಕಡಿಮೆ, ಆದರೆ ಅವಧಿಗೆ ಬದಲಿಸಲೇಬೇಕು. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗುತ್ತದೆ. ಬದಲಿಸಿದ ಬಿಲ್ ಕೈಗೆ ಕೊಡದಿದ್ದರೆ ಬದಲಿಸಿಲ್ಲ ಎಂದೇ ಹಿಡಿಯಿರಿ. ಟೆನ್ಶನರ್, ರೋಲರ್, ವಾಟರ್ ಪಂಪ್ ಸೇರಿ ಒಂದೇ ಸಲ ಮಾಡಿಸಿರಿ. ಬೆಲ್ಟ್ ಮಾತ್ರ ಬದಲಿಸಿ ಪಂಪು ಬಿಟ್ಟರೆ, ಅದು ಸೋರಿದ ದಿನ ಅದೇ ಕೂಲಿ ಮತ್ತೆ ಬೀಳುತ್ತದೆ.

ಆಡಿಯ ಖರ್ಚು ಕಾದಿರುವುದು ಮುಂದಿನ ಚಕ್ರಗಳ ಹಿಂದೆ. ಎ4, ಎ6, ಕ್ಯೂ5ಗಳಲ್ಲಿ ಒಂದೊಂದು ಬದಿಗೆ ನಾಲ್ಕು ಆರ್ಮ್, ಒಟ್ಟು ಎಂಟು. ನಮ್ಮ ಹಂಪು, ತಗ್ಗುಗಳಿಗೆ ಇವುಗಳ ಬುಶ್ ಬೇಗ ಹರಿಯುತ್ತವೆ. ಮೇಲಿನ ಎರಡು ಆರ್ಮ್ ಹಿಡಿದಿರುವ ಉದ್ದನೆಯ ಬೋಲ್ಟ್, ಚಕ್ರ ಕೂರುವ ಅಲ್ಯುಮಿನಿಯಂ ನಕ್ಕಲ್ಲಿನೊಳಗೆ ಕಚ್ಚಿಕೊಂಡು ಕೂತಿರುತ್ತದೆ. ಗೊತ್ತಿಲ್ಲದ ಮಿಸ್ತ್ರಿ ಸುತ್ತಿಗೆಯಿಂದ ಬಡಿದರೆ ನಕ್ಕಲ್ಲೇ ಒಡೆಯುತ್ತದೆ, ಬುಶ್ ಕೆಲಸಕ್ಕೆ ಹೋದವರಿಗೆ ನಕ್ಕಲ್ ಬಿಲ್ಲೂ ಬರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬಿಸಿ ಮಾಡಿ, ತಿರುಗಿಸುತ್ತಾ ತೆಗೆಯಬೇಕು. ಈ ಬೋಲ್ಟನ್ನು ಹೇಗೆ ತೆಗೀತೀರಿ ಎಂದು ಗ್ಯಾರೇಜಿನಲ್ಲಿ ಮೊದಲೇ ಕೇಳಿರಿ, ಉತ್ತರದಲ್ಲೇ ಕೈಗುಣ ತಿಳಿಯುತ್ತದೆ. ಪೆಟ್ರೋಲ್ ಆಡಿ ನೋಡುವವರು 2008ರಿಂದ 2012ರ ಆಸುಪಾಸಿನ 1.8, 2.0 ಟಿಎಫ್‌ಎಸ್‌ಐ ಬಗ್ಗೆ ಜಾಗ್ರತೆ: ಪಿಸ್ಟನ್ ರಿಂಗಿನ ದೋಷಕ್ಕೆ ಆಯಿಲ್ ಕುಡಿಯುವುದಕ್ಕೆ ಅವು ಹೆಸರಾಗಿವೆ.

ಗೇರ್‌ಬಾಕ್ಸಿನಲ್ಲಿ 'ಲೈಫ್‌ಟೈಮ್ ಆಯಿಲ್' ಎಂಬ ಮಾತನ್ನು ನಂಬಬೇಡಿರಿ. ಬಿಎಂಡಬ್ಲ್ಯು ಬಳಸುವ 8 ಗೇರಿನ ಪೆಟ್ಟಿಗೆ ಮಾಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ.ಯೊಳಗೆ ಆಯಿಲ್ ಬದಲಿಸಲು ಹೇಳುತ್ತದೆ. ಕೆಳಗೆ ಆಯಿಲ್ ನಿಲ್ಲುವ ಅದರ ಪ್ಲಾಸ್ಟಿಕ್ ಚೇಂಬರಿನೊಳಗೇ ಫಿಲ್ಟರ್ ಇರುವುದರಿಂದ ಇಡೀ ಚೇಂಬರೇ ಬದಲಾಗಬೇಕು. ಅಳತೆ ನೋಡುವುದು ಇಂಜಿನ್ ಚಾಲೂ ಇದ್ದಾಗ, ಗೇರ್ ಆಯಿಲ್ 30ರಿಂದ 50 ಡಿಗ್ರಿಯೊಳಗಿದ್ದಾಗ. ಅಂದಾಜಿಗೆ ಸುರಿದು ಮುಚ್ಚಳ ಬಿಗಿದವರಿಂದಲೇ ಎಷ್ಟೋ ಗೇರ್‌ಬಾಕ್ಸ್ ಕೆಟ್ಟಿವೆ. ಆಡಿಯ 6 ಗೇರಿನ, ಆಯಿಲ್‌ನಲ್ಲಿ ಮುಳುಗಿದ ಒದ್ದೆ ಕ್ಲಚ್ಚಿನ ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಪೆಟ್ಟಿಗೆಗೆ 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್. 7 ಗೇರಿನ ಒಣ ಕ್ಲಚ್ಚಿನದು ಊರೊಳಗಿನ ಟ್ರಾಫಿಕ್ಕಿಗೆ ಬೇಗ ದಣಿಯುತ್ತದೆ. ಉಣಕಲ್ಲಿನಿಂದ ಚೆನ್ನಮ್ಮ ಸರ್ಕಲ್‌ತನಕ ದಿನಾ ಇಂಚಿಂಚು ಸರಿಯುವವರು ಅದನ್ನು ಆರಿಸಬೇಡಿರಿ. ಮರ್ಸಿಡಿಸ್‌ನ 7ಜಿ ಪೆಟ್ಟಿಗೆಯಲ್ಲಿ ಕೆಡುವುದು ಹೆಚ್ಚಾಗಿ ಒಳಗಿನ ಎಲೆಕ್ಟ್ರಾನಿಕ್ ಪ್ಲೇಟು. ಹಳೆಯ ಗಾಡಿಯಿಂದ ಕಿತ್ತದ್ದನ್ನು ಹಾಗೆಯೇ ಕೂಡಿಸಿದರೆ ನಡೆಯುವುದಿಲ್ಲ, ಆ ಗಾಡಿಗೆ ಕೋಡ್ ಮಾಡಬೇಕು.

ಏರ್ ಸಸ್ಪೆನ್ಶನ್ ಇರುವ ಮರ್ಸಿಡಿಸ್ ಆಗಲಿ, ರೇಂಜ್ ರೋವರ್ ಆಗಲಿ, ಸಂಜೆ ನಿಲ್ಲಿಸಿ ಬೆಳಿಗ್ಗೆ ನಾಲ್ಕೂ ಚಕ್ರದ ಮೇಲಿನ ಎತ್ತರ ಟೇಪು ಹಿಡಿದು ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಸೋರುವ ಚೀಲಕ್ಕೆ ಗಾಳಿ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಡುತ್ತದೆ, ಅಂದರೆ ಒಂದರ ಬದಲು ಎರಡು ಖರ್ಚು. ಲ್ಯಾಂಡ್ ರೋವರ್ ಡಿಸ್ಕವರಿ 3, 4ರಲ್ಲಿ ಕೆಲವು ದೊಡ್ಡ ಕೆಲಸಕ್ಕೆ ಬಾಡಿಯನ್ನೇ ಚಾಸಿಯಿಂದ ಎತ್ತುವ ರೂಢಿ ಇದೆ. ಆ ವ್ಯವಸ್ಥೆ ಇಲ್ಲದ ಊರಿನವರು ಹಳೆಯ ಡಿಸ್ಕವರಿಯನ್ನು ಆಸೆಪಟ್ಟು ತರಬಾರದು. ವೋಲ್ವೊ ಗಟ್ಟಿ ಗಾಡಿ, ಕೈ ಪಳಗಿದ ಮಿಸ್ತ್ರಿ ಸಿಗುವುದು ಕಷ್ಟ.

ಲೆಕ್ಸಸ್ ಇಎಸ್ 300ಎಚ್ ಈ ಗುಂಪಿನಿಂದ ಹೊರಗೆ. ಟರ್ಬೊ ಇಲ್ಲ, ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇಲ್ಲ, ಮಾಮೂಲಿ ಗೇರ್‌ಬಾಕ್ಸೂ ಇಲ್ಲ, ಕೆಡುವ ಸಾಮಾನೇ ಕಡಿಮೆ. ಅದಕ್ಕೇ 10 ಲಕ್ಷಕ್ಕೆ ಸಿಗುವುದಿಲ್ಲ. ಸಿಕ್ಕವರು ಹಿಂದಿನ ಸೀಟಿನ ಬಳಿ ಹೈಬ್ರಿಡ್ ಬ್ಯಾಟರಿಗೆ ಗಾಳಿ ಎಳೆಯುವ ಜಾಳಿಗೆಯನ್ನು ಚೊಕ್ಕಟ ಇಡಬೇಕು. ಗದಗ, ಅಣ್ಣಿಗೇರಿ, ನವಲಗುಂದ ಕಡೆಯ ಎರೆಮಣ್ಣಿನ ಧೂಳು ಅದನ್ನು ಕಟ್ಟಿಸಿದರೆ ಬ್ಯಾಟರಿ ಕಾಯುತ್ತದೆ.

ಧೂಳಿನ ಮಾತು ಎಲ್ಲ ಗಾಡಿಗೂ ಅನ್ವಯಿಸುತ್ತದೆ. ಕಂಪನಿ 15,000 ಕಿ.ಮೀ. ಅಂದರೂ ನಮ್ಮಲ್ಲಿ 8,000ದಿಂದ 10,000ಕ್ಕೆ ಆಯಿಲ್ ಬದಲಿಸಿರಿ, ಏರ್ ಫಿಲ್ಟರನ್ನು ಅದಕ್ಕಿಂತ ಮೊದಲೇ ತೆಗೆದು ನೋಡಿರಿ. ಆಯಿಲ್ ಡಬ್ಬಿಯ ಮೇಲೆ ನಿಮ್ಮ ಕಂಪನಿಯ ಒಪ್ಪಿಗೆ ಸಂಖ್ಯೆ ಇರಬೇಕು: ಆ ಕಾಲದ ಡೀಸೆಲ್‌ಗಳಲ್ಲಿ ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.51, ಆಡಿಗೆ 507.00. 5ಡಬ್ಲ್ಯು-30 ಎಂದು ಬರೆದಿದ್ದರೆ ಸಾಕು ಅನ್ನುವ ಅಂಗಡಿಯವರ ಮಾತು ಕೇಳಬೇಡಿರಿ. ಬೂದಿ ಹೆಚ್ಚಿರುವ ಆಯಿಲ್ ಡಿಪಿಎಫ್ ತುಂಬಿಸುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ.

ಮಸಿ ಸುಡಲಿಕ್ಕೂ ಓಟ ಬೇಕು. ಮನೆಯಿಂದ ಅಂಗಡಿಗೆ 4 ಕಿ.ಮೀ. ಓಡುವ ಡೀಸೆಲ್ ಗಾಡಿಯಲ್ಲಿ ಅದು ಆಗುವುದೇ ಇಲ್ಲ. ಅರ್ಧಕ್ಕೆ ನಿಂತ ಪ್ರತಿ ಸಲ ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಡಿಪ್‌ಸ್ಟಿಕ್ ಇದ್ದರೆ ಆಯಿಲ್ ಮಟ್ಟ ಏರುತ್ತಿದೆಯೇ ನೋಡುತ್ತಿರಿ, ಏರಿದರೆ ಕೆಟ್ಟ ಸೂಚನೆ. ಹದಿನೈದು ದಿನಕ್ಕೊಮ್ಮೆ ಹಾವೇರಿ ಕಡೆ ಹೆದ್ದಾರಿ ಹತ್ತಿ 60-80ರ ವೇಗದಲ್ಲಿ ಅರ್ಧ ತಾಸು ನಿಲ್ಲಿಸದೆ ಓಡಿಸಿರಿ. ಊರೊಳಗೆ ಮಾತ್ರ ಓಡಿಸುವವರಿಗೆ ಪೆಟ್ರೋಲೇ ಸರಿ. ಡಿಪಿಎಫ್ ಕೊರೆದು ಖಾಲಿ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿರಿ. ಅದು ಕಾನೂನಿಗೆ ವಿರುದ್ಧ, ಊರಿನ ಗಾಳಿಗೆ ವಿಷ.

ಬ್ಯಾಟರಿಯಲ್ಲೂ ಮೋಸಹೋಗುವವರಿದ್ದಾರೆ. ಬಿಎಂಡಬ್ಲ್ಯುವಿನಲ್ಲಿ ಹೊಸ ಎಜಿಎಂ (ನೀರು ಹಾಕಬೇಕಿಲ್ಲದ ಮುಚ್ಚಿದ) ಬ್ಯಾಟರಿ ಹಾಕಿದ ಮೇಲೆ ಗಾಡಿಯ ಕಂಪ್ಯೂಟರಿನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡಿ ಹೊಸದನ್ನೂ ಕೆಡಿಸುತ್ತದೆ. ರನ್‌ಫ್ಲಾಟ್ ಟೈರು ಪಂಚರ್ ಆದರೂ 80ರ ವೇಗದಲ್ಲಿ 80 ಕಿ.ಮೀ.ವರೆಗೆ ಓಡುತ್ತದೆ, ಸ್ಟೆಪ್ನಿ ಇರುವುದಿಲ್ಲ. ತಗ್ಗಿಗೆ ಬಿದ್ದರೆ ಬದಿ ಉಬ್ಬುತ್ತದೆ, ಉಬ್ಬಿದ್ದು ರಿಪೇರಿ ಆಗದು.

ವಿಮೆಯನ್ನೂ ಲೆಕ್ಕ ಹಾಕಿರಿ. ಸವಕಳಿ ಕಳೆಯದೆ ಬಿಡಿಭಾಗದ ಪೂರ್ತಿ ಬೆಲೆ ಕೊಡುವ 'ಝೀರೊ ಡೆಪ್' ವಿಮೆ ಹಳೆಯ ಗಾಡಿಗೆ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ, 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅರ್ಧ ನಿಮ್ಮ ಕೈಯಿಂದಲೇ ಹೋಗುತ್ತದೆ.

ಕೊನೆಗೆ ಕಾಗದಪತ್ರ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿದರೆ ಹೊಸ ನಂಬರ್ ಪಡೆಯಬೇಕು. ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ವರ್ಗಾವಣೆಗೆ ಫಾರ್ಮ್ 29, 30, ಸಾಲವಿದ್ದರೆ ಅದು ತೀರಿತೆಂಬ ಬ್ಯಾಂಕಿನ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿರಿ. 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಕರ್ನಾಟಕದ ಆಜೀವ ತೆರಿಗೆ 18 ಪ್ರತಿಶತ. ವಯಸ್ಸಾದ ಗಾಡಿಗೆ ಅದು ಇಳಿಯುತ್ತದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ 9.75 ಲಕ್ಷದ ಮೇಲಲ್ಲ, ಹೊಸದಿದ್ದಾಗಿನ ಬೆಲೆಯ ಮೇಲೆ. ಆರ್‌ಟಿಒ ಕಚೇರಿಯಲ್ಲಿ ಆ ಅಂಕಿ ಕೇಳಿಕೊಂಡೇ ಚೌಕಾಶಿಗೆ ಕೂಡ್ರಿರಿ.

ಆ ಬಿಳಿ ಸೆಡಾನ್ ಈಗ ಇನ್ನೊಬ್ಬ ಏಜೆಂಟನ ಕೈ ಸೇರಿ ಮತ್ತೆ ಮಾರಾಟಕ್ಕಿದೆ. ನಂಬರ್ ಹುಬ್ಬಳ್ಳಿಯ ಕೆಎ-63 ಆಗಿದೆ, ಮೀಟರಿನಲ್ಲಿ 74,000 ಕಾಣುತ್ತದೆ. ಓಡಿದ್ದು ಒಂದೂವರೆ ಲಕ್ಷ. ನೋಡಲು ಹೋಗುವವರು ಎರಡೂ ಕೀಲಿ ಕೇಳಿರಿ, ಎರಡನ್ನೂ ಓದಿಸಿರಿ.