ಬ್ರೇಕ್ ಪ್ಯಾಡ್ ಲೈಟ್ ‘ಆರಿಸಿ ಕೊಡುವ’ ಗ್ಯಾರೇಜುಗಳಿಂದ ಹುಷಾರಾಗಿರಿ

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಹಳೇ ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿ, ಬಿಎಂಡಬ್ಲ್ಯು ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೀಟರ್ ಬೋರ್ಡಿನಲ್ಲಿ ಬ್ರೇಕ್ ಪ್ಯಾಡ್ ಲೈಟ್ ಹತ್ತಿತ್ತು, ಗ್ಯಾರೇಜಿನವರು ‘ಸೆನ್ಸರ್ ರಿಪೇರಿ’ ಅಂತ ಹೇಳಿ ಆರಿಸಿಕೊಟ್ಟರು ಅನ್ನುವವರು ಮುಂದಿನ ಎಡಚಕ್ರ ಬಿಚ್ಚಿಸಿ ಒಮ್ಮೆ ಒಳಗೆ ನೋಡಿ. ನಾನು ಹೇಳುತ್ತಿರುವುದು ಹಳದಿ ಬಣ್ಣದ, ಒಂದು ಸುತ್ತಿನ ಎರಡೂ ಪಕ್ಕ ತುಂಡು ತುಂಡು ಗೆರೆ ಇರುವ ಲೈಟಿನ ಬಗ್ಗೆ. ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ಲೈಟ್ ಬೇರೆ, ಅದು ಬ್ರೇಕ್ ಆಯಿಲ್ ಮತ್ತು ಹ್ಯಾಂಡ್ ಬ್ರೇಕಿನದು.

ಗಣಿ ಜೋರಾಗಿದ್ದ ಕಾಲದಲ್ಲಿ ನಮ್ಮ ಜಿಲ್ಲೆಗೆ ಎಂತೆಂಥ ಕಾರು ಬಂದವು ಅನ್ನುವುದು ಇಲ್ಲಿಯವರಿಗೆ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವುಗಳಲ್ಲಿ ಎಷ್ಟೋ ಕೈ ಬದಲಾದವು. ಈಗ ನಮ್ಮಂಥವರ ಮನೆ ಮುಂದೆ ನಿಂತಿವೆ. ನನ್ನದು 2010ರ ಸ್ಕೋಡಾ ಲಾರಾ ಡೀಸೆಲ್. ಗಾಡಿ ಗಟ್ಟಿ, ಎಂಜಿನ್ ಬಗ್ಗೆ ಒಂದು ಮಾತಿಲ್ಲ. ಆದರೆ ಇವುಗಳ ಪಾರ್ಟ್ಸ್ ಊರಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು. ಅಡ್ಡದಾರಿ ಶುರುವಾಗುವುದೇ ಅಲ್ಲಿ.

ಪ್ಯಾಡ್ ಲೈಟ್ ಹತ್ತಿದಾಗ ನಾನು ಗಾಡಿಯನ್ನು ಊರಿನಲ್ಲಿ ಒಳ್ಳೇ ಹೆಸರಿರುವ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಬರೆಯುವುದಿಲ್ಲ. ಸಂಜೆ ಹೋದಾಗ ಮುಂದಿನ ಪ್ಯಾಡ್ ಹೊಸದು, ಲೈಟ್ ಆರಿತ್ತು. ಬಿಲ್ಲಿನಲ್ಲಿ ‘ಪ್ಯಾಡ್ ಸೆನ್ಸರ್ ವೈರಿಂಗ್ ರಿಪೇರಿ’ ಅಂತ ಬೇರೆಯೇ ಸಾಲು, ಅದಕ್ಕೆ ಬೇರೆಯೇ ದುಡ್ಡು. ಪೂರ್ತಿ ಕೊಟ್ಟು ಬಂದೆ.

ಅವರು ಮಾಡಿದ್ದೇನು ಅನ್ನುವುದು ತಿಳಿಯಬೇಕಾದರೆ ಈ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಲಾರಾದಲ್ಲಿ ಮುಂದಿನ ಎಡಚಕ್ರದ ಒಳಗಡೆಯ ಪ್ಯಾಡಿನಲ್ಲಿ, ಚಕ್ರದ ಜತೆ ತಿರುಗುವ ಡಿಸ್ಕಿಗೆ ಉಜ್ಜಿ ಸವೆಯುವ ಲೈನಿಂಗ್‌ನೊಳಗೆ ಒಂದು ಸಣ್ಣ ವೈರ್ ಹೂತಿರುತ್ತದೆ. ಅದು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ವಾಪಸ್ ಬರುವ ಸುತ್ತು, ಕರೆಂಟ್ ಅದರಲ್ಲಿ ಹರಿಯುತ್ತಲೇ ಇರುತ್ತದೆ. ಪ್ಯಾಡ್ ಸವೆದು ತೆಳ್ಳಗಾದಾಗ ಡಿಸ್ಕ್ ಆ ವೈರನ್ನು ಕತ್ತರಿಸುತ್ತದೆ, ಸುತ್ತು ತುಂಡಾಗುತ್ತದೆ, ಲೈಟ್ ಹತ್ತುತ್ತದೆ. ಅಷ್ಟೇ. ಸೆನ್ಸರ್ ಅನ್ನುವ ದೊಡ್ಡ ಹೆಸರಿದ್ದರೂ ಇರುವುದು ಒಂದು ವೈರ್, ಅದನ್ನು ಗಾಡಿಯ ವೈರಿಗೆ ಸೇರಿಸುವ ಒಂದು ಕಪ್ಲರ್. ಹಾಗಾಗಿ ಗಾಡಿ ಕಡೆಯ ಎರಡು ವೈರನ್ನು ಸೇರಿಸಿ ತಿರುವಿಬಿಟ್ಟರೆ ಪ್ಯಾಡ್ ಎಲ್ಲ ಸರಿ ಇದೆ ಅಂತಲೇ ಗಾಡಿ ತಿಳಿಯುತ್ತದೆ. ಆಮೇಲೆ ಪ್ಯಾಡ್ ಇದ್ದರೂ ಇಲ್ಲದಿದ್ದರೂ ಲೈಟ್ ಹತ್ತುವುದಿಲ್ಲ. ಗ್ಯಾರೇಜಿನವರ ಮಾತಿನಲ್ಲಿ ಇದು ‘ಡೈರೆಕ್ಟ್ ಮಾಡೋದು’.

ಆ ರಿಪೇರಿ ಆದ ಮೇಲೆ ಒಂದು ದಿನ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಬೆಟ್ಟ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ, ಮಕ್ಕಳು. ಮೊದಲು ಬ್ರೇಕ್ ಒತ್ತಿದಾಗ ಕಾಲಿಗೆ ನಡುಕ. ಎರಡು ತಿರುವು ಇಳಿಯುವುದರೊಳಗೆ ಗಿರಣಿ ಕಲ್ಲು ಬರಿದೇ ತಿರುಗಿದಂಥ ಕರಕರ ಸದ್ದು. ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಪೆಡಲ್ ಮೊದಲಿಗಿಂತ ಎಷ್ಟೋ ಕೆಳಗೆ ಹೋಗುತ್ತಿತ್ತು. ಎದುರಿಗೆ ಲಾರಿ. ಮೊದಲನೇ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲೇ ಬದಿಗೆ ತಂದು ನಿಲ್ಲಿಸಿದೆ. ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಇಷ್ಟೆಲ್ಲ ಆದರೂ ಮೀಟರ್ ಬೋರ್ಡಿನಲ್ಲಿ ಪ್ಯಾಡ್ ಲೈಟ್ ಇಲ್ಲ. ಅವ್ವನ ಮುಖ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗಾಡಿ ಎತ್ತಿಸಿಕೊಂಡು ಬಳ್ಳಾರಿಗೆ ತಂದು, ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿದೆ. ಒಳಗಿನ ಪ್ಯಾಡಿನಲ್ಲಿ ಲೈನಿಂಗ್ ಅನ್ನುವುದೇ ಇರಲಿಲ್ಲ, ಬರೀ ಕಬ್ಬಿಣದ ತಗಡು. ಆ ತಗಡು ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಕೊರೆದಿತ್ತು. ಅದೇ ಚಕ್ರದ ಹೊರಗಿನ ಪ್ಯಾಡ್ ಮಾತ್ರ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು! ಎರಡು ಪ್ಯಾಡನ್ನೂ ಡಿಸ್ಕಿಗೆ ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದು ಜಾರುವ ಗೈಡ್ ಪಿನ್ನಿನ ರಬ್ಬರ್ ಬುಷ್‌ಗೆ ಯಾರೋ ಮಾಮೂಲಿ ಗ್ರೀಸ್ ತುಂಬಿದ್ದರು. ಅಂಥ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಬಿಗಿಯುತ್ತದೆ. ನಮ್ಮ ಕಡೆಯ ಕೆಂಪು ಧೂಳು ಅದರಲ್ಲಿ ಸೇರಿ ಗಟ್ಟಿ ಕೆಸರಾಗಿ ಕೂತಿತ್ತು. ಕ್ಯಾಲಿಪರ್ ಜಾರದೆ ಇದ್ದರೆ ಒಳಗಿನ ಪ್ಯಾಡ್ ಒಂದೇ ಸವೆಯುತ್ತದೆ.

ಆಮೇಲೆ ಅವನು ಶಾಕ್ ಅಬ್ಸಾರ್ಬರ್ ಪಕ್ಕದ ಕರಿ ಟೇಪ್ ಸುತ್ತಿದ ಗಂಟನ್ನು ಬ್ಲೇಡಿನಿಂದ ಸೀಳಿದ. ಒಳಗೆ ಕಪ್ಲರ್ ಇಲ್ಲ, ಕತ್ತರಿಸಿ ಹಾಕಿದ್ದಾರೆ. ಎರಡು ವೈರ್ ತುದಿ ಸುಲಿದು ತಿರುವಿದ್ದಾರೆ. ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. “ನೋಡಣ್ಣ, ಇದೇ ನಿನ್ನ ಸೆನ್ಸರ್ ರಿಪೇರಿ. ಈ ಲೈಟ್ ಇನ್ನ ಜನ್ಮದಾಗ ಹತ್ತಲ್ಲ,” ಅಂದ. ಹಾಕಿದ್ದ ಪ್ಯಾಡಿನಲ್ಲೂ ಸೆನ್ಸರ್ ವೈರ್ ಇರಲಿಲ್ಲ, ವೈರ್ ಇಲ್ಲದ ಅಗ್ಗದ ಸೆಟ್.

ಅದರ ಪಕ್ಕದಲ್ಲೇ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರದ ವೇಗ ಅಳೆಯುವ ಸೆನ್ಸರಿನ ವೈರ್ ಹೋಗುತ್ತದೆ. ತಿರುವಿದ ಗಂಟನ್ನು ಕೇಬಲ್ ಟೈ ಹಾಕಿ ಅದಕ್ಕೇ ಬಿಗಿದಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಎರಡೂ ಟಯರಿಗೆ ಉಜ್ಜಿ, ಎಬಿಎಸ್ ವೈರಿನ ಸಿಪ್ಪೆ ಹೋಗಿ ಒಳಗಿನ ಎಳೆಗಳು ಕಾಣುತ್ತಿದ್ದವು. ಬೆಟ್ಟಕ್ಕೆ ಹೋಗುವ ಮೊದಲು ಆಗಾಗ ಎಬಿಎಸ್ ಲೈಟ್ ಹತ್ತುತ್ತಿತ್ತು. ಅದೇ ಗ್ಯಾರೇಜಿನಲ್ಲಿ ತೋರಿಸಿದಾಗ ದೋಷ ಓದುವ ಸ್ಕ್ಯಾನರ್ ಹಾಕದೆಯೇ “ಎಬಿಎಸ್ ಮಾಡ್ಯೂಲ್ ಹೋಗಿದೆ ಸಾರ್, ಖರ್ಚಿದೆ” ಅಂದಿದ್ದರು. ಎಲೆಕ್ಟ್ರಿಷಿಯನ್ ಸ್ಕ್ಯಾನರ್ ಹಾಕಿದರೆ ಅದು ನೇರವಾಗಿ ಮುಂದಿನ ಎಡಚಕ್ರದ ಸ್ಪೀಡ್ ಸೆನ್ಸರ್ ಅಂತ ತೋರಿಸಿತು. ಮಾಡ್ಯೂಲಿಗೆ ಏನೂ ಆಗಿರಲಿಲ್ಲ.

ಇನ್ನೊಂದು ಸಂಗತಿ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ. ಲೀಕ್ ಇಲ್ಲದೆ ಆಯಿಲ್ ಇಳಿದಿದ್ದರೆ ಮೊದಲು ಪ್ಯಾಡ್ ನೋಡಬೇಕು. ಆ ಗ್ಯಾರೇಜಿನವರು ನೋಡದೆ ಆಯಿಲ್ ತುಂಬಿಸಿ ಕಳಿಸಿದ್ದರು. ಸಿಗಬಹುದಾಗಿದ್ದ ಎರಡನೇ ಸುಳಿವೂ ಹಾಗೆ ಮುಚ್ಚಿಹೋಯಿತು.

ಬಿಲ್ಲು, ಸವೆದ ಪ್ಯಾಡು, ಕತ್ತರಿಸಿದ ವೈರು ಮೂರನ್ನೂ ತೆಗೆದುಕೊಂಡು ಹೋಗಿ ಗ್ಯಾರೇಜ್ ಮಾಲೀಕರ ಮುಂದಿಟ್ಟೆ. “ನೀವು ಲೈಟ್ ಹೋಗಬೇಕು ಅಂದ್ರಿ, ಹೋಯ್ತಲ್ಲ ಸಾರ್. ಹಳೇ ಗಾಡಿಗೆಲ್ಲ ಹಿಂಗೇ ಮಾಡೋದು,” ಅಂದರು. ಸೆನ್ಸರ್ ಸಾಲಿನ ದುಡ್ಡು ವಾಪಸ್ ಕೊಟ್ಟರು. ಡಿಸ್ಕಿನ ಖರ್ಚು ನಮ್ಮದಲ್ಲ ಅಂದರು. ಡೈರೆಕ್ಟ್ ಮಾಡಿದ್ದೇವೆ ಅಂತ ಬಿಲ್ಲಿನಲ್ಲಿ ಒಂದು ಮಾತು ಬರೆದಿದ್ದರೂ ಸಾಕಿತ್ತು, ಗಾಡಿಯನ್ನು ಬೆಟ್ಟ ಹತ್ತಿಸುತ್ತಿರಲಿಲ್ಲ. ರಿಪೇರಿ ಅಂತ ಬರೆದು ದುಡ್ಡು ತೆಗೆದುಕೊಂಡದ್ದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಸರಿಯಾದ ಕೆಲಸ ಹೇಗಿರುತ್ತದೆ ಅನ್ನುವುದನ್ನು ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ನೋಡಿದೆ. ಸೆನ್ಸರ್ ವೈರ್ ಇರುವ ಪ್ಯಾಡ್ ಸೆಟ್, ಎರಡು ಡಿಸ್ಕ್, ಗೈಡ್ ಪಿನ್ ಬುಷ್, ಹೊಸ ಕಪ್ಲರ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಕಿಲುಬು ಹತ್ತಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿದ. ಜೋಡಣೆಯನ್ನು ಚಕ್ರದ ಹತ್ತಿರ ಮಾಡಲಿಲ್ಲ. ಅಲ್ಲಿ ವೈರ್ ಸ್ಟೀರಿಂಗ್ ಜತೆ, ಶಾಕ್ ಅಬ್ಸಾರ್ಬರ್ ಜತೆ ದಿನಾ ಬಾಗುತ್ತದೆ, ಬೆಸುಗೆ ಹಾಕಿದರೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಅಲುಗಾಡದ ಬಾಡಿ ಕಡೆ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ. ಎರಡು ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಸ್ವಲ್ಪ ಹಿಂದೆ ಮುಂದೆ. ವೈರನ್ನು ಕಂಪನಿ ಕೊಟ್ಟ ಕ್ಲಿಪ್ಪುಗಳಲ್ಲೇ ಕೂರಿಸಿ, ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ, ಟಯರಿಗೆ ತಾಗುತ್ತದೋ ಇಲ್ಲವೋ ಅಂತ ಕೈ ಹಾಕಿ ನೋಡಿದ. ಎಬಿಎಸ್ ಸೆನ್ಸರ್ ವೈರ್ ಸಮೇತ ಬದಲಾಯಿತು.

ಕೊನೆಗೆ ಅವನು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿಸಿ. ಚಾವಿ ಆನ್ ಮಾಡಿ ಪ್ಯಾಡ್ ಸೆನ್ಸರಿನ ಕಪ್ಲರ್ ಬಿಚ್ಚಿಸಿ. ಲಾರಾದಂಥ ಗಾಡಿಗಳಲ್ಲಿ ಕೂಡಲೇ ಅಥವಾ ಸ್ವಲ್ಪ ದೂರ ಓಡಿಸಿದ ಮೇಲೆ ಲೈಟ್ ಹತ್ತಬೇಕು. ಹತ್ತದಿದ್ದರೆ ಹಿಂದೆ ಎಲ್ಲೋ ಡೈರೆಕ್ಟ್ ಆಗಿರುವ ಸಾಧ್ಯತೆ ಹೆಚ್ಚು. ಬಿಚ್ಚಲು ಕಪ್ಲರ್ರೇ ಇಲ್ಲದಿದ್ದರೆ ಪರೀಕ್ಷೆಯೂ ಬೇಕಿಲ್ಲ. ಹಳೇ ಬೆಂಜ್ ಇದ್ದವರಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಸೆನ್ಸರ್ ತುದಿ ಡಿಸ್ಕಿಗೆ ತಾಗಿ ಅರ್ಥ್ ಆದಾಗ ಲೈಟ್ ಹತ್ತುತ್ತದೆ, ಬಿಚ್ಚಿಟ್ಟರೆ ಆರೇ ಇರುತ್ತದೆ. ವೈರನ್ನು ಗಾಡಿಯ ಬಾಡಿಯ ಲೋಹಕ್ಕೆ ತಾಗಿಸಿದಾಗ ಹತ್ತಬೇಕು. ಬಿಎಂಡಬ್ಲ್ಯುನಲ್ಲಿ ಮುಂದಿನ ಎಡ, ಹಿಂದಿನ ಬಲ ಅಂತ ಎರಡು ಸೆನ್ಸರ್. ಡಿಸ್ಕಿಗೆ ತಾಗಿ ತುಂಡಾದ ಸೆನ್ಸರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಹೊಸದು ಹಾಕಿ ರಿಸೆಟ್ ಮಾಡಿಸಬೇಕು.

ಸೆನ್ಸರ್ ಸರಿ ಇದ್ದರೂ ಅದು ಕಾಯುವುದು ತಾನಿರುವ ಪ್ಯಾಡನ್ನು ಮಾತ್ರ. ಲಾರಾದಲ್ಲಿ ಬಲಚಕ್ರಕ್ಕೂ ಹಿಂದಿನ ಚಕ್ರಗಳಿಗೂ ಅದರ ಕಾವಲಿಲ್ಲ. ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟು “ಪ್ಯಾಡ್ ಐತಲ್ಲ” ಅನ್ನುವವರು ನೋಡುವುದು ಹೊರಗಿನ ಪ್ಯಾಡನ್ನು. ಚಕ್ರ ಬಿಚ್ಚಿಸಿ ಒಳಗಿನದನ್ನೂ ನೋಡಿ. ಹೊಸದರಲ್ಲಿ ಲೈನಿಂಗ್ ಸಾಮಾನ್ಯವಾಗಿ 10 ಮಿ.ಮೀ.ಗಿಂತ ಹೆಚ್ಚಿರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಾಯಿಸಿ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟು ಅನ್ನುವುದು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತದೆ.

ಪ್ಯಾಡ್ ಹಾಕುವ ಮೊದಲು ಹೊಸ ಪ್ಯಾಡ್ ಬಂದ ಡಬ್ಬಿಯನ್ನು ನಿಮ್ಮ ಎದುರಿಗೇ ತೆಗೆಸಿ. ಸೆನ್ಸರ್ ಇರುವ ಗಾಡಿಗೆ ತಂದ ಸೆಟ್ಟಿನಲ್ಲಿ ನಾಲ್ಕೂ ಪ್ಯಾಡ್ ಸೆನ್ಸರ್ ವೈರ್ ಇಲ್ಲದೆ ಬೋಳಾಗಿದ್ದು ಜತೆಗೆ ಬೇರೆ ಸೆನ್ಸರೂ ಇಲ್ಲದಿದ್ದರೆ, ಚಕ್ರ ಬಿಚ್ಚುವ ಮೊದಲೇ ಅದನ್ನು ಅಂಗಡಿಗೆ ವಾಪಸ್ ಕಳಿಸಿ.