ಯುದ್ಧಕಾಲದ ಜೀಪಿಗೆ ಮೂಲ ಭಾಗವೋ ಬದಲಿ ಭಾಗವೋ: ಒಂದೇ ಗಾಡಿಯಲ್ಲಿ ಎರಡನ್ನೂ ಓಡಿಸಿ ನೋಡಿದ ಹೋಲಿಕೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಅಮೆರಿಕದ ಸೇನೆಯ ದಾಖಲೆಯಲ್ಲಿ ಅವು ಕಾಲು ಟನ್ನಿನ ಟ್ರಕ್ಕುಗಳು. ಯುದ್ಧ ಮುಗಿದ ಮೇಲೆ ವಿಲೇವಾರಿಯಾದ ಅಂಥ ಗಾಡಿಗಳಲ್ಲಿ ಕೆಲವು ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ಸೇರಿದವು. ಮೂಡಿಗೆರೆ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿರುವುದೂ ಅಂಥದ್ದೇ ಒಂದು ಫೋರ್ಡ್ ಜಿಪಿಡಬ್ಲ್ಯು. ರೇಡಿಯೇಟರಿನ ಕೆಳಗಿರುವ ಷಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಅಡ್ಡಪಟ್ಟಿ ದುಂಡನೆಯ ಕೊಳವೆಯಾಗಿದ್ದರೆ ಅದು ವಿಲ್ಲಿಸ್, ಬೋರಲು ಹಾಕಿದ ಚಾನಲ್ಲಿನಂತಿದ್ದರೆ ಫೋರ್ಡ್. ಫೋರ್ಡ್ ಕಂಪನಿ ಬೋಲ್ಟುಗಳ ತಲೆಯ ಮೇಲೂ ತನ್ನ ‘ಎಫ್’ ಅಕ್ಷರವನ್ನು ಒತ್ತಿತ್ತು. ತುಕ್ಕು ಉಜ್ಜುವಾಗ ಆ ಅಕ್ಷರ ಕಂಡ ಬೋಲ್ಟುಗಳನ್ನೆಲ್ಲ ನಾನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟು, ಅವುಗಳನ್ನು ಅವುಗಳ ಜಾಗಕ್ಕೇ ಮತ್ತೆ ಹಾಕಿದ್ದೇನೆ.

ಇಂಥ ಗಾಡಿಯನ್ನು ಹವ್ಯಾಸಕ್ಕೆಂದು ಇಟ್ಟುಕೊಂಡವರಿಗೆ ಪ್ರತಿ ಭಾಗದ ವಿಷಯದಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ: ಮೂಲದ್ದನ್ನೇ ಸರಿಪಡಿಸಬೇಕೋ, ಸುಲಭವಾಗಿ ಸಿಗುವ ಬದಲಿಯನ್ನು ಕೂರಿಸಬೇಕೋ? ಇದನ್ನು ತೀರ್ಮಾನಿಸಲು ನಾನು ಇಟ್ಟುಕೊಂಡಿರುವ ಅಳತೆಗೋಲು ಎರಡು. ಬದಲಾವಣೆ ಮಾಡಿದರೆ, ಷಾಸಿಯನ್ನಾಗಲಿ ಬಾಡಿಯನ್ನಾಗಲಿ ಕೊಯ್ಯದೆ ಅದನ್ನು ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು. ಜೀವರಕ್ಷಣೆಯ ಮಾತು ಬಂದಾಗ ಮಾತ್ರ ಮೂಲದ ಮೇಲಿನ ಮೋಹಕ್ಕೆ ಎರಡನೆಯ ಸ್ಥಾನ.

ಎಂಜಿನ್ನಿನ ವಿಷಯದಲ್ಲಿ ನನಗೆ ಗೊಂದಲವೇ ಉಳಿದಿಲ್ಲ. ಮೂಲದ ‘ಗೋ ಡೆವಿಲ್’ ಪೆಟ್ರೋಲ್ ಎಂಜಿನ್ 2.2 ಲೀಟರಿನದು, 60 ಅಶ್ವಶಕ್ತಿಯದು. ಮಲೆನಾಡಿನಲ್ಲಿ ಹಲವರು ಇದನ್ನು ಇಳಿಸಿ, ಮಹೀಂದ್ರ ಜೀಪುಗಳಲ್ಲಿ ಬರುತ್ತಿದ್ದ ಡೀಸೆಲ್ ಎಂಜಿನ್ನನ್ನು ಏರಿಸಿಕೊಂಡಿದ್ದಾರೆ. ನಮ್ಮ ಚಿಕ್ಕಪ್ಪನವರ ಗಾಡಿಯೂ ಹಾಗೆ ಬದಲಾದದ್ದೇ. ಒಂದು ಮಳೆಗಾಲವಿಡೀ ಅದನ್ನು ನಾನೇ ಓಡಿಸಿದ್ದೇನೆ. ಇಂಧನದ ಖರ್ಚು ಕಡಿಮೆ ಎಂಬುದು ನಿಜ. ಆದರೆ ಮೂಗಿನ ಭಾರ ಹೆಚ್ಚಿ ಸ್ಟೀರಿಂಗ್ ಬಿಗಿಯಾಗುತ್ತದೆ, ಹಗುರ ಎಂಜಿನ್ನಿಗೆಂದು ಮಾಡಿದ ಟಿ-84 ಗೇರ್‌ಬಾಕ್ಸು ಆ ಎಳೆತವನ್ನು ಬಹುಕಾಲ ತಡೆಯುವುದಿಲ್ಲವಾದ್ದರಿಂದ ಅದನ್ನೂ ಬದಲಾಯಿಸಬೇಕಾಗುತ್ತದೆ, ಎಂಜಿನ್ ಮೌಂಟಿಂಗಿಗಾಗಿ ಷಾಸಿಯನ್ನು ಕೊಯ್ದು ಬೆಸುಗೆ ಹಾಕಬೇಕಾಗುತ್ತದೆ. ಇದರ ಜೊತೆಗೆ ಕಾನೂನಿನ ಮಾತೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ, 50 ವರ್ಷ ದಾಟಿದ ಗಾಡಿ ತನ್ನ ಮೂಲ ರೂಪದಲ್ಲಿರಬೇಕು. ಷಾಸಿ, ಬಾಡಿ ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ‘ವಿಎ’ ಎಂಬ ಅಕ್ಷರಗಳಿರುವ ಆ ನೋಂದಣಿ ಫಲಕ ಬೇಕೆನ್ನುವವರಿಗೆ ಡೀಸೆಲ್ ಎಂಜಿನ್ ದೊಡ್ಡ ಅಡ್ಡಿ. ದಿನವೂ ತೋಟದ ಸಾಮಾನು ಹೊರುವ ಗಾಡಿಯಾದರೆ ಲೆಕ್ಕ ಬೇರೆ. ಹವ್ಯಾಸದ ಗಾಡಿಗೆ ಪೆಟ್ರೋಲ್ ಎಂಜಿನ್ನೇ ಸರಿ.

ನಿಜವಾದ ಹೋಲಿಕೆ ಬೇಕಾಗುವುದು ವಿದ್ಯುತ್ತಿನ ವಿಷಯದಲ್ಲಿ. ಮೂಲ ಜೀಪು 6 ವೋಲ್ಟಿನದು. ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ ಎಂಜಿನ್ ನರಳುತ್ತಾ ತಿರುಗುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ, ಗ್ಯಾರೇಜಿನವರೂ ಕೂಡಲೇ 12 ವೋಲ್ಟ್ ಮಾಡಿಸಿ ಎನ್ನುತ್ತಾರೆ. ನಾನು ಮೊದಲು 12 ವೋಲ್ಟನ್ನೇ ಓಡಿಸಿ ನೋಡಿದೆ. ಹಳೆಯ ಡೈನಮೊ ತೆಗೆದು ಸಣ್ಣ ಕಾರಿನ ಆಲ್ಟರ್ನೇಟರ್ ಹಾಕಿ, ಇಗ್ನಿಷನ್ ಕಾಯಿಲ್ ಮತ್ತು ಬಲ್ಬುಗಳನ್ನೆಲ್ಲ ಬದಲಾಯಿಸಿ, ಪೆಟ್ರೋಲ್ ಗೇಜಿಗೆ ವೋಲ್ಟೇಜ್ ಇಳಿಸುವ ಒಂದು ಉಪಕರಣ ಜೋಡಿಸಿದ ಮೇಲೆ ಗಾಡಿ ಥಟ್ಟನೆ ಸ್ಟಾರ್ಟ್ ಆಗುತ್ತಿತ್ತು, ಹೆಡ್‌ಲೈಟಿನ ಬೆಳಕು ಚಾರ್ಮಾಡಿ ಘಾಟಿಯ ಮಂಜಿನಲ್ಲೂ ಸಾಕಾಗುತ್ತಿತ್ತು. ಬ್ಯಾಟರಿ ಯಾವ ಊರಿನಲ್ಲಾದರೂ ಸಿಗುತ್ತದೆ ಎಂಬುದು ಸಣ್ಣ ಅನುಕೂಲವಲ್ಲ. ಆದರೆ ಸ್ಟಾರ್ಟರ್ ಮೋಟಾರು 6 ವೋಲ್ಟಿನದೇ ಆಗಿದ್ದರಿಂದ, ಎಂಜಿನ್ನನ್ನು ತಿರುಗಿಸಲು ಅದರಿಂದ ಮುಂದಕ್ಕೆ ಚಾಚುವ ಬೆಂಡಿಕ್ಸ್ ಗೇರು ಪ್ರತಿ ಸಲವೂ ಫ್ಲೈವೀಲಿನ ಹಲ್ಲುಗಳಿಗೆ ಬಡಿದಂತೆ ಹೊಡೆಯುತ್ತಿತ್ತು. ಆ ಸದ್ದನ್ನು ಕೇಳಿದವರಿಗೆ ಹಲ್ಲುಗಳ ಆಯುಸ್ಸು ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆಮೇಲೆ ಮೂಲದ 6 ವೋಲ್ಟಿಗೆ ಮರಳಿ, ಈ ಬಾರಿ ಕೇಬಲ್ಲುಗಳತ್ತ ಗಮನ ಕೊಟ್ಟೆ. ಅಷ್ಟೇ ವಾಟ್ ಶಕ್ತಿಗೆ 6 ವೋಲ್ಟಿನಲ್ಲಿ ಇಮ್ಮಡಿ ಕರೆಂಟ್ ಹರಿಯಬೇಕು. ಆದ್ದರಿಂದ ಅದೇ ತಂತಿಯಲ್ಲಿ ಆಗುವ ವೋಲ್ಟೇಜಿನ ನಷ್ಟವೂ ಇಮ್ಮಡಿಯಾಗುತ್ತದೆ, ಇರುವ ವೋಲ್ಟೇಜೇ ಅರ್ಧವಾದ ಕಾರಣ ಆ ನಷ್ಟದ ಪಾಲು ನಾಲ್ಕು ಪಟ್ಟಾಗುತ್ತದೆ. ಈಗಿನ ಕಾರಿನ ತೆಳು ಕೇಬಲ್ಲನ್ನು ಈ ಗಾಡಿಗೆ ಹಾಕಿದಾಗ ಏನಾಗುತ್ತದೆಂಬುದನ್ನು ಮಲ್ಟಿಮೀಟರಿನಿಂದ ಕಣ್ಣಾರೆ ನೋಡಬಹುದು. ಮೀಟರಿನ ಒಂದು ಮೊನೆಯನ್ನು ಸ್ಟಾರ್ಟರಿನ ಕೇಬಲ್ ಕೂರುವ ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ, ಇನ್ನೊಂದನ್ನು ಸ್ಟಾರ್ಟರಿನ ಬೋಲ್ಟಿಗೆ ಒತ್ತಿ, ಇನ್ನೊಬ್ಬರಿಂದ ಸ್ಟಾರ್ಟರ್ ತುಳಿಸಬೇಕು. ತೆಳು ಕೇಬಲ್ಲಿನಲ್ಲಿ ನನಗೆ ಒಂದು ವೋಲ್ಟಿಗೂ ಹೆಚ್ಚಿನ ನಷ್ಟ ಕಾಣಿಸಿತು. ವೆಲ್ಡಿಂಗಿಗೆ ಬಳಸುವ 70 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿ, ಅರ್ತ್ ಪಟ್ಟಿ ಕೂರುವಲ್ಲಿ ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಕೆರೆದು, ಎಂಜಿನ್ನಿನಿಂದ ಷಾಸಿಗೆ ಹೆಣೆದ ತಾಮ್ರದ ಪಟ್ಟಿಯನ್ನು ಪ್ರತ್ಯೇಕವಾಗಿ ಕಟ್ಟಿದ ಮೇಲೆ ಆ ನಷ್ಟ ಕಾಲು ವೋಲ್ಟಿಗಿಂತ ಕೆಳಗಿಳಿಯಿತು, ನರಳಾಟವೂ ನಿಂತಿತು. ಇಂದಿಗೂ ನನ್ನ ಗಾಡಿ 6 ವೋಲ್ಟಿನಲ್ಲೇ ಓಡುತ್ತಿದೆ. ರಾತ್ರಿ ಹೊತ್ತು ಘಾಟಿ ಹತ್ತಿ ಇಳಿಯುವ ಅಭ್ಯಾಸವುಳ್ಳವರು ಮಾತ್ರ 12 ವೋಲ್ಟ್ ಮಾಡಿಸಿಕೊಳ್ಳಲಿ, ಸ್ಟಾರ್ಟರನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಲಿ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನಲ್ಲಿ ಪೈಪೋಟಿ ಇರುವುದು ಮೂಲದ ಕಾರ್ಟರ್‌ಗೂ, ಮಹೀಂದ್ರ ಪೆಟ್ರೋಲ್ ಜೀಪುಗಳಿಂದ ನಮ್ಮವರ ಕೈಗೆ ಚೆನ್ನಾಗಿ ಪಳಗಿರುವ ಸೋಲೆಕ್ಸ್‌ಗೂ. ಸೋಲೆಕ್ಸಿನ ದೊಡ್ಡ ಗುಣ ಅದರ ಸರಳತೆ. ಪೆಟ್ರೋಲ್ ಹರಿಯುವ ಸಣ್ಣ ತೂತಿನ ಮೈನ್ ಜೆಟ್ಟನ್ನು ಹೊರಗಿನಿಂದಲೇ ಬಿಚ್ಚಿ, ಊದಿ, ಮತ್ತೆ ಹಾಕಬಹುದು. ಅದನ್ನು ಬಲ್ಲ ಮೆಕ್ಯಾನಿಕ್ಕುಗಳೂ ಇನ್ನೂ ಇದ್ದಾರೆ. ಕಾರ್ಟರಿನಲ್ಲಿ ಥ್ರಾಟಲ್ಲಿನ ಜೊತೆಗೇ ಏರಿಳಿದು ಪೆಟ್ರೋಲಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಮೀಟರಿಂಗ್ ರಾಡ್ ಇದೆ, ಅದರ ಎತ್ತರವನ್ನು ಅಳತೆಯಿಟ್ಟು ಕೂರಿಸದಿದ್ದರೆ ಗಾಡಿ ಹೊಗೆ ಉಗುಳುತ್ತದೆ ಇಲ್ಲವೇ ಮುಗ್ಗರಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಎರಡಕ್ಕೂ ಅಂಥ ಭೇದ ನನಗೆ ತಿಳಿಯಲಿಲ್ಲ. ಆದರೆ ತೋಟದೊಳಗಿನ ಕಡಿದಾದ ಏರಿನಲ್ಲಿ, ಗಾಡಿ ಒಂದು ಮಗ್ಗುಲಿಗೆ ವಾಲಿ ಹತ್ತುವಾಗ, ಸೋಲೆಕ್ಸ್ ಮತ್ತೆ ಮತ್ತೆ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಕಾರ್ಟರ್ ಅಲ್ಲೆಲ್ಲ ಒಂದೇ ಸಮನೆ ಎಳೆಯಿತು. ನನ್ನ ಮತ ಕಾರ್ಟರಿಗೆ.

ಹಳೆಯ ಕಾರ್ಟರನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದು ಥ್ರಾಟಲ್ ಷಾಫ್ಟಿನ ಸವೆತವನ್ನು. ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಷಾಫ್ಟಿನ ಎರಡೂ ತುದಿಗೆ ಬೆರಳಿನಿಂದ ಗ್ರೀಸ್ ಮೆತ್ತಿ ನೋಡಬೇಕು. ಓಟದ ಸದ್ದು ಕೂಡಲೇ ಬದಲಾದರೆ ಅಲ್ಲಿಂದ ಗಾಳಿ ಒಳನುಗ್ಗುತ್ತಿದೆ ಎಂದೇ ಅರ್ಥ, ಆಗ ಲೇತಿನವರ ಬಳಿ ಹಿತ್ತಾಳೆಯ ಬುಷ್ ಮಾಡಿಸದೆ ಬೇರೆ ದಾರಿಯಿಲ್ಲ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುವುದರಿಂದ ಇಂಧನದ ಹಾದಿಯಲ್ಲಿ ಮೂಲದ ಹಟ ಹಿಡಿಯಬಾರದು. ಹಳೆಯ ರಬ್ಬರಿನ ಡಯಾಫ್ರಮ್ಮು ಮತ್ತು ಹೋಸುಗಳು ಎಥನಾಲಿಗೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತವೆ; ಸೋರಿದ ಪೆಟ್ರೋಲು ಬೀಳುವುದು ಕಾದ ಎಂಜಿನ್ನಿನ ಮೇಲೆ. ಪಂಪಿಗೆ ಎಥನಾಲ್ ತಡೆಯುವ ವಿಟಾನ್ ರಬ್ಬರಿನ ಡಯಾಫ್ರಮ್ಮನ್ನೇ ಹಾಕಬೇಕು, ಹೋಸುಗಳನ್ನು ಎಥನಾಲ್ ತಡೆಯುವಂಥವೇ ಎಂದು ಕೇಳಿ ತರಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕನ್ನು ಬರಿದು ಮಾಡಿಟ್ಟುಕೊಳ್ಳುವುದು ಕ್ಷೇಮ.

ಬ್ರೇಕಿನಲ್ಲಿ ಮೂಲ ವ್ಯವಸ್ಥೆ ನನಗೆ ಒಪ್ಪಿಗೆಯಾಗಲಿಲ್ಲ. ನಾಲ್ಕೂ ಚಕ್ರಗಳಿಗೆ ಪೆಡಲಿನ ಒತ್ತಡವನ್ನು ಬ್ರೇಕಿನ ದ್ರವಕ್ಕೆ ದಾಟಿಸುವ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಹೋಸ್ ಒಡೆದರೆ ಪೆಡಲು ನೆಲಕ್ಕೆ ತಾಗುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಅದು ಒದ್ದೆಯಾದರೆ ಅದರ ಮೇಲೂ ಪೂರ್ತಿ ಭರವಸೆ ಇಡುವಂತಿಲ್ಲ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರನ್ನು ಬೋಲ್ಟಿನಲ್ಲೇ ಕೂರಿಸಲು ಸಾಧ್ಯವಿದ್ದು, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಅದನ್ನು ಹಾಕಿದ ಮೇಲೆಯೇ ಮಕ್ಕಳನ್ನು ಈ ಗಾಡಿಯಲ್ಲಿ ಕೂರಿಸಿಕೊಂಡು ಘಾಟಿ ಇಳಿಯಲು ನನಗೆ ಮನಸ್ಸು ಬಂದದ್ದು.

ಬ್ರೇಕ್ ಆಯಿಲಿನಲ್ಲಿ ಡಾಟ್ 3, ಡಾಟ್ 4 ಎಂಬ ದರ್ಜೆಯ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಮಲೆನಾಡಿನ ಮಳೆಯಲ್ಲಿ ನಿಂತೇ ಇರುವ ಗಾಡಿಯ ವೀಲ್ ಸಿಲಿಂಡರುಗಳು ಒಳಗಿಂದಲೇ ತುಕ್ಕು ಹಿಡಿಯುವುದು ಇದರಿಂದಲೇ. ಅಮೆರಿಕದ ಸೇನೆ 1980ರ ದಶಕದಲ್ಲಿ ಸಿಲಿಕೋನ್ ದ್ರವಕ್ಕೆ ಬದಲಾಯಿಸಿಕೊಂಡದ್ದಕ್ಕೂ ದೀರ್ಘಕಾಲ ನಿಲ್ಲುವ ವಾಹನಗಳ ಈ ತೊಂದರೆ ಒಂದು ಕಾರಣ. ಸಿಲಿಕೋನಿನ ಡಾಟ್ 5ನ್ನು ನಾನೂ ಬಳಸಿ ನೋಡಿದ್ದೇನೆ: ಸಿಲಿಂಡರುಗಳು ಹೊಸದರಂತೆ ಉಳಿದವು, ಆದರೆ ಅದರೊಳಗೆ ಗಾಳಿಯ ಗುಳ್ಳೆಗಳು ಸುಲಭವಾಗಿ ಸಿಕ್ಕಿಕೊಳ್ಳುವುದರಿಂದ ಪೆಡಲು ತುಸು ಮೆತ್ತಗಿರುತ್ತದೆ, ಬೆಲೆಯೂ ಹೆಚ್ಚು. ಆದರೂ ನಿಂತಿರುವ ಕಾಲವೇ ಹೆಚ್ಚಾದ ಗಾಡಿಗೆ ಇದೇ ಮೇಲು. ಹಳೆಯ ದ್ರವದ ಜೊತೆ ಇದನ್ನು ಬೆರೆಸಲೇಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಎಂಬುದು ಸಿಲಿಕೋನ್ ಅಲ್ಲ ಎಂಬುದನ್ನು ಅಂಗಡಿಯಲ್ಲೇ ಡಬ್ಬಿ ಓದಿ ಖಚಿತಪಡಿಸಿಕೊಳ್ಳಬೇಕು.

ಟೈರಿನ ಬಗ್ಗೆ ಹೇಳುವುದು ಕಡಿಮೆ. ಸೇನೆಯ ಮಾದರಿಯ 6.00-16 ಟೈರುಗಳು ನೋಟಕ್ಕೆ ಸೊಗಸು, ಒದ್ದೆ ಡಾಂಬರಿನ ಮೇಲೆ ಜಾರುಗುಣ ಹೆಚ್ಚು. ಮಳೆಗಾಲಕ್ಕೆ ಅದೇ ಅಳತೆಯ ಸಾಮಾನ್ಯ ಟೈರೇ ಸುರಕ್ಷಿತ. ಯಾವುದನ್ನೇ ಹಾಕಿದರೂ, ಎರಡು ಹೋಳುಗಳನ್ನು ನಟ್ಟಿನಿಂದ ಬಿಗಿದ ಸೇನೆಯ ಕಾಂಬ್ಯಾಟ್ ರಿಮ್ ಇದ್ದರೆ, ವಾಲ್ವನ್ನು ಬಿಚ್ಚಿ ಟ್ಯೂಬಿನ ಗಾಳಿಯನ್ನು ಪೂರ್ತಿ ಹೊರಹಾಕುವವರೆಗೆ ಹೋಳುಗಳನ್ನು ಜೋಡಿಸಿರುವ ನಟ್ಟುಗಳಿಗೆ ಸ್ಪ್ಯಾನರ್ ಹಾಕಬಾರದು. ಈ ರಿಮ್ಮನ್ನು ಎಂದೂ ಕಾಣದ ಪಂಕ್ಚರ್ ಅಂಗಡಿಯ ಹುಡುಗನಿಗೆ ಗಾಡಿಯ ಮಾಲೀಕರೇ ಪಕ್ಕದಲ್ಲಿ ನಿಂತು ಇದನ್ನು ಮೊದಲೇ ತಿಳಿಸಬೇಕು.